ನಿಕಾನ್ ಬಿಟ್ಟು ಸೋನಿಗೆ ಹೋಗಬೇಕಾ? ಹಳೇ ಬಾಡಿ, ಲೆನ್ಸ್ ಹೇಗೆ ಮಾರೋದು?

ದಾವಣಗೆರೆ ಕ್ಲಿಕ್

ಎಲ್ಲರಿಗೂ ನಮಸ್ಕಾರ. ಮದುವೆ ಸೀಸನ್ ಮುಗಿಯುತ್ತಾ ಬಂತು, ಆಷಾಢ ಹತ್ತಿರ ಇದೆ. ಕೈಗೆ ಸ್ವಲ್ಪ ಬಿಡುವು ಸಿಗುವುದೇ ಆಗ. ಅಷ್ಟರೊಳಗೆ ಒಂದು ತೀರ್ಮಾನಕ್ಕೆ ಬರಬೇಕು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಈಗ ನನ್ನ ಹತ್ತಿರ ಇರುವುದು ನಿಕಾನ್ ಡಿ750 ಬಾಡಿ, ಬ್ಯಾಕಪ್‌ಗೆ ಡಿ7200 ಬಾಡಿ, ಲೆನ್ಸ್‌ಗಳಲ್ಲಿ 24-70 ಎಫ್ 2.8 ಜಿ, 70-200 ಎಫ್ 2.8 ವಿಆರ್ 2, 85 ಎಫ್ 1.8 ಜಿ, ಹಳೇ 50 ಎಫ್ 1.8 ಡಿ. ಜೊತೆಗೆ ಗೊಡಾಕ್ಸ್ ಫ್ಲಾಶ್ ಎರಡು, ಅವನ್ನು ದೂರದಿಂದ ಹೊಡೆಸುವ ಟ್ರಿಗರ್ ಒಂದು. ಎಲ್ಲಾ ಚೆನ್ನಾಗಿ ಕೆಲಸ ಮಾಡುತ್ತಿವೆ. ಡಿ750 ಫೋಟೊ ಬಗ್ಗೆ ಇವತ್ತಿನವರೆಗೂ ಯಾವ ಮದುವೆ ಮನೆಯವರೂ ದೂರು ಹೇಳಿಲ್ಲ.

ತೊಂದರೆ ಬೇರೆ ಕಡೆ ಇದೆ. ನನ್ನ ಕೆಲಸದಲ್ಲಿ ಅರ್ಧ ನಮ್ಮೂರಿನ ಸ್ವಂತ ಗಿರಾಕಿಗಳದ್ದು. ಇನ್ನರ್ಧ ಬೆಂಗಳೂರು, ಹುಬ್ಬಳ್ಳಿ ಸ್ಟುಡಿಯೋದವರು ಸೆಕೆಂಡ್ ಶೂಟರ್ ಆಗಿ ಕರೆಯುವುದು. ಅವರು ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "ಬಾಡಿ ಯಾವುದು?" ಅಂತ. ನಿಕಾನ್ ಅಂದ ತಕ್ಷಣ "ನೋಡಿ ಹೇಳ್ತೀವಿ" ಅನ್ನುತ್ತಾರೆ, ಮತ್ತೆ ಫೋನ್ ಬರುವುದಿಲ್ಲ. ಈ ಸೀಸನ್ನಿನಲ್ಲಿ ಹೀಗೆ ಕೈ ತಪ್ಪಿದ ಕೆಲಸ ಜಾಸ್ತಿ ಆಯಿತು.

ಇನ್ನೊಂದು ಕಾರಣ ಫೋಕಸ್. ಡಿ750ರ 51 ಪಾಯಿಂಟ್ ಎಲ್ಲಾ ಫ್ರೇಮಿನ ನಡುವೆಯೇ ಗುಂಪಾಗಿವೆ. ಹುಡುಗಿ ಮುಖ ಮೂಲೆಗೆ ಬರೋ ಹಾಗೆ ಕಂಪೋಸ್ ಮಾಡಬೇಕಾದರೆ ಮೊದಲು ನಡುವೆ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಬೇಕು. 85 ಲೆನ್ಸಿನಲ್ಲಿ ಎಫ್ 1.8 ಇಟ್ಟು ಹೀಗೆ ಮಾಡಿದರೆ ಕಣ್ಣಿನ ಬದಲು ಕಿವಿ ಓಲೆ ಶಾರ್ಪ್ ಆಗಿರುತ್ತದೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಹಿಡಿದವರು ಇದೇ ಕೆಲಸ ಆರಾಮಾಗಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಕೈಯಲ್ಲಿ ಒಂದೂವರೆ ಲಕ್ಷ ಇದೆ. ಹಳೆಯದು ಮಾರಿ ಬಂದದ್ದು ಅದರ ಮೇಲೆ. ಇಎಂಐ ಮಾಡಿಕೊಳ್ಳಲು ಇಷ್ಟ ಇಲ್ಲ, ಆಷಾಢ, ಧನುರ್ಮಾಸದಲ್ಲಿ ಕಂತು ಕಟ್ಟೋದು ಕಷ್ಟ.

ಸೋನಿಯ ಮಿರರ್‌ಲೆಸ್ ಎ7 ಫೋರ್‌ಗೆ ಹೋಗಲಾ? ಇಲ್ಲ ನಿಕಾನ್‌ನಲ್ಲೇ ಇದ್ದು ಅವರ ಮಿರರ್‌ಲೆಸ್ ಝಡ್6 ತ್ರೀ ತಗೊಂಡು ಹಳೇ ಲೆನ್ಸ್ ಅಡಾಪ್ಟರ್ ಹಾಕಿ ನಡೆಸಲಾ? ಮಾರುವುದಾದರೆ ಅಂಗಡಿಗೆ ಕೊಡುವುದಾ, ನೇರವಾಗಿ ಮಾರುವುದಾ? ಅನುಭವ ಇದ್ದವರು ಹೇಳಿ.

---

ಮೈಸೂರು ಫ್ರೇಮ್ಸ್

ನಾನು ನಿಕಾನ್‌ನಲ್ಲೇ ಉಳಿದವಳು. ಡಿ750ರಿಂದ ಝಡ್6 ತ್ರೀಗೆ ಬಂದೆ, ಹಾಗಾಗಿ ನಿಮ್ಮ ಲೆನ್ಸ್ ಪಟ್ಟಿ ನೋಡಿದರೆ ನನ್ನದೇ ಬ್ಯಾಗ್ ನೋಡಿದ ಹಾಗಾಯಿತು.

ಹಳೇ ಲೆನ್ಸನ್ನು ಝಡ್ ಬಾಡಿಯಲ್ಲಿ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಬಗ್ಗೆ ಸುಮಾರು ಜನ ಸುಮ್ನೆ ಹೆದರಿಸುತ್ತಾರೆ. ಅದರೊಳಗೆ ಗಾಜೇ ಇಲ್ಲ. ಹಳೇ ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ 46.5 ಮಿಲಿಮೀಟರ್ ದೂರ, ಯಾಕೆಂದರೆ ನಡುವೆ ಕನ್ನಡಿ ಓಡಾಡಬೇಕು. ಝಡ್ ಮೌಂಟ್‌ನಲ್ಲಿ ಕನ್ನಡಿ ಇಲ್ಲ, ಹಾಗಾಗಿ 16 ಮಿಲಿಮೀಟರ್ ಸಾಕು. ಉಳಿದ 30.5 ಮಿಲಿಮೀಟರ್ ಜಾಗ ತುಂಬುವ ಟೊಳ್ಳು ಕೊಳವೆ ಅದು, ಲೆನ್ಸಿಗೆ ವಿದ್ಯುತ್ತು, ಸಿಗ್ನಲ್ ದಾಟಿಸುತ್ತದೆ ಅಷ್ಟೇ. ಫೋಟೊ ಗುಣಮಟ್ಟ ಕೂದಲೆಳೆಯಷ್ಟೂ ಕಮ್ಮಿ ಆಗುವುದಿಲ್ಲ.

ನಿಮ್ಮ 24-70, 70-200, 85 ಮೂರರೊಳಗೂ ಮೋಟಾರ್ ಇದೆ. ಮೂರೂ ಆಟೋಫೋಕಸ್ ಆಗುತ್ತವೆ, ಕಣ್ಣನ್ನೂ ಹಿಡಿಯುತ್ತವೆ. ಡಿ750ರಲ್ಲಿ ಬ್ಯಾಕ್ ಫೋಕಸ್, ಫ್ರಂಟ್ ಫೋಕಸ್ (ಫೋಕಸ್ ಗುರಿಗಿಂತ ಹಿಂದೆ, ಮುಂದೆ ಬೀಳುವುದು) ಅಂತ ಒಂದೊಂದು ಲೆನ್ಸಿಗೂ ಫೈನ್ ಟ್ಯೂನ್ ಮಾಡುತ್ತಾ ಕೂರುತ್ತಿದ್ದೆವಲ್ಲ, ಆ ಕೆಲಸವೇ ಹೋಯಿತು. ಫೋಕಸ್ ಅಳೆಯುವುದು ಸೆನ್ಸರಿನ ಮೇಲೆಯೇ ಆದ್ದರಿಂದ ಅಂಥ ವ್ಯತ್ಯಾಸಕ್ಕೆ ಜಾಗ ಇಲ್ಲ. 85 ಎಫ್ 1.8 ಜಿ ಎಷ್ಟು ಒಳ್ಳೆ ಲೆನ್ಸ್ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದೇ ಝಡ್ ಬಾಡಿಯಲ್ಲಿ ಹಾಕಿದ ಮೇಲೆ.

50 ಎಫ್ 1.8 ಡಿ ಮಾತ್ರ ಆಗಲ್ಲ. ಅದರೊಳಗೆ ಮೋಟಾರ್ ಇಲ್ಲ, ಬಾಡಿಯ ಸ್ಕ್ರೂ ತಿರುಗಿ ಫೋಕಸ್ ಆಗುವ ಲೆನ್ಸ್ ಅದು. ಎಫ್‌ಟಿಝಡ್‌ನಲ್ಲಿ ಆ ಸ್ಕ್ರೂ ಇಲ್ಲ. ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬೇಕು.

ಸೋನಿಗೆ ಹೋದರೆ ಲೆಕ್ಕವೇ ಬೇರೆ. ನಿಕಾನ್ ಎಫ್ ಲೆನ್ಸನ್ನು ಸೋನಿಗೆ ಹಾಕುವ ಅಡಾಪ್ಟರ್ ಸಿಗುತ್ತವೆ, ಆದರೆ ಮದುವೆಯಲ್ಲಿ ನಂಬಿಕೊಂಡು ಕೂರುವ ಹಾಗಿಲ್ಲ. ಅಂದರೆ ಆರೂ ಐಟಂ ಮಾರಬೇಕು, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ಬರೀ ಬಾಡಿ ಬೆಲೆ ನೋಡಿ ತೀರ್ಮಾನ ಮಾಡಬೇಡಿ, ದುಡ್ಡು ಹೋಗೋದು ಲೆನ್ಸಿಗೆ. ಒಂದು ಹಾಳೆ ತಗೊಂಡು ಎಡಗಡೆ ಮಾರಿದರೆ ಬರೋದು, ಬಲಗಡೆ ಕೊಳ್ಳಬೇಕಾದ್ದು ಬರೆಯಿರಿ. ಆಮೇಲೆ ಮಾತಾಡೋಣ.

---

ಹುಬ್ಬಳ್ಳಿ ಸಿನಿ

ಮೈಸೂರು ಮೇಡಂ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ಅವರು ಸ್ವಂತ ಗಿರಾಕಿಗಳಿಗೆ ಕೆಲಸ ಮಾಡುವವರು. ದಾವಣಗೆರೆ ಅಣ್ಣನ ಪ್ರಶ್ನೆ ಬೇರೆ ಅಲ್ವಾ? ಕೈ ತಪ್ಪುತ್ತಿರುವುದು ಸ್ಟುಡಿಯೋ ಕೆಲಸ. ಆ ಕಡೆಯಿಂದ ನೋಡಿ ಹೇಳುತ್ತೇನೆ, ಏಕೆಂದರೆ ಆ ಫೋನ್ ಮಾಡುವ ಜಾಗದಲ್ಲಿ ಕೂರುವವನು ನಾನು.

ನಾವು ಬಾಡಿ ಯಾವುದು ಅಂತ ಕೇಳೋದು ಜಂಭಕ್ಕಲ್ಲ ಸರ್. ಒಂದು ಮದುವೆಗೆ ನಾಲ್ಕೈದು ಕ್ಯಾಮೆರಾ ನಿಲ್ಲುತ್ತವೆ. ಕೊನೆಗೆ ಎಲ್ಲಾ ಫೂಟೇಜ್ ಒಂದೇ ಟೈಮ್‌ಲೈನ್‌ಗೆ ಬರುತ್ತದೆ. ಅರಿಶಿನ ಶಾಸ್ತ್ರದ ಹಳದಿ ಒಂದು ಕ್ಯಾಮೆರಾದಲ್ಲಿ ನಿಂಬೆ ಬಣ್ಣಕ್ಕೆ, ಇನ್ನೊಂದರಲ್ಲಿ ಕಿತ್ತಳೆಗೆ ವಾಲಿದರೆ ಎಡಿಟರ್ ಒಂದೊಂದು ಶಾಟ್ ಹಿಡಿದು ಸರಿ ಮಾಡಬೇಕು. ಎಲ್ಲಾ ಬಾಡಿ ಒಂದೇ ಕಂಪನಿದಾಗಿದ್ದು, ಎಲ್ಲದರಲ್ಲೂ ಒಂದೇ ಪಿಕ್ಚರ್ ಪ್ರೊಫೈಲ್ (ವಿಡಿಯೋ ಬಣ್ಣದ ಸೆಟ್ಟಿಂಗ್) ಇಟ್ಟರೆ ಆ ಕೆಲಸದಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ. ಎಡಿಟರಿಗೆ ಕೊಡುವ ದುಡ್ಡೂ ಉಳಿಯುತ್ತದೆ.

ಇನ್ನೊಂದು, ಕಲ್ಯಾಣ ಮಂಟಪದಲ್ಲಿ ಲೆನ್ಸ್ ಹಂಚಿಕೊಳ್ಳೋದು. ಒಬ್ಬನ 35 ಇನ್ನೊಬ್ಬನಿಗೆ ಬೇಕಾಗುತ್ತದೆ, ಒಬ್ಬನ ಬ್ಯಾಟರಿ ಮುಗಿಯುತ್ತದೆ, ಒಬ್ಬನ ಬಾಡಿ ಹ್ಯಾಂಗ್ ಆಗುತ್ತದೆ. ಎಲ್ಲರದ್ದೂ ಒಂದೇ ಮೌಂಟ್, ಒಂದೇ ಬ್ಯಾಟರಿ ಆದರೆ ಕೈಯಿಂದ ಕೈಗೆ ದಾಟಿಸಿ ಕೆಲಸ ನಡೆಯುತ್ತದೆ. ನಡುವೆ ಒಬ್ಬ ಬೇರೆ ಬ್ರಾಂಡ್ ಇಟ್ಟುಕೊಂಡಿದ್ದರೆ ಅವನಿಗೆ ಯಾರೂ ಸಹಾಯ ಮಾಡಲು ಆಗುವುದಿಲ್ಲ.

ನಮ್ಮ ಕಡೆ ಸೋನಿ ಇಷ್ಟು ಹರಡಲು ಲೆನ್ಸ್ ಆಯ್ಕೆಯೂ ಕಾರಣ. ಸೋನಿ ತನ್ನ ಇ ಮೌಂಟ್‌ನ ಮೂಲ ವಿವರಗಳನ್ನು 2011ರಲ್ಲೇ ಬೇರೆ ಲೆನ್ಸ್ ಕಂಪನಿಗಳಿಗೆ ಬಿಟ್ಟುಕೊಟ್ಟಿತು. ಅದರಿಂದ ಟ್ಯಾಮ್ರಾನ್, ಸಿಗ್ಮಾ ಲೆನ್ಸ್ ಬೇಗ ಬಂದವು, ಈಗ ಸೆಕೆಂಡ್ ಹ್ಯಾಂಡ್‌ನಲ್ಲೂ ಜಾಸ್ತಿ ಸಿಗುತ್ತವೆ. ಟ್ಯಾಮ್ರಾನ್ 28-75 ಎಫ್ 2.8 ಜಿ2 ಬರೀ 540 ಗ್ರಾಂ. ನಿಮ್ಮ 24-70 ಹೊತ್ತವರಿಗೆ ಅದರ ಬೆಲೆ ಗೊತ್ತು. 35-150 ಎಫ್ 2-2.8 ಅಂತ ಇನ್ನೊಂದಿದೆ, 1165 ಗ್ರಾಂ, ಅದೊಂದೇ ಹಾಕಿ ಇಡೀ ರಿಸೆಪ್ಷನ್ ಮುಗಿಸುವವರಿದ್ದಾರೆ. ಅದು ಈಗ ಝಡ್‌ಗೂ ಬಂದಿದೆ, ಆ ಮಾತು ಬೇರೆ.

ದುಡ್ಡು ಉಳಿಸಲು ಎ7 ತ್ರೀ ನೋಡಬೇಡಿ. ಅದರ ವಿಡಿಯೋ 8 ಬಿಟ್, ಅಂದರೆ ಬಣ್ಣದ ಮೆಟ್ಟಿಲು ಕಮ್ಮಿ. ಎಲ್‌ಇಡಿ ಗೋಡೆ ಮುಂದೆ ಲಾಗ್‌ನಲ್ಲಿ (ಮಂಕು ಬಣ್ಣದ ಮೋಡ್) ತೆಗೆದು ಆಮೇಲೆ ಬಣ್ಣ ತಿದ್ದಿದರೆ ಹಿಂದಿನ ಬಣ್ಣ ಪಟ್ಟೆಪಟ್ಟೆ ಒಡೆಯುತ್ತದೆ. ಎ7 ಫೋರ್ 10 ಬಿಟ್. ಒಂದು ಗಮನದಲ್ಲಿರಲಿ, ಅದರಲ್ಲಿ 4ಕೆ 60 ಫ್ರೇಮ್ ಇಟ್ಟರೆ ಕ್ರಾಪ್ ಆಗುತ್ತದೆ, ಅಂದರೆ ಅಂಚು ಕತ್ತರಿಸಿ ಹೋಗುತ್ತದೆ. ಸ್ಲೋ ಮೋಷನ್ ತೆಗೆಯುವಾಗ ಸ್ವಲ್ಪ ಹಿಂದೆ ನಿಲ್ಲಬೇಕು. ಎ7ಸಿ ಟೂ ಚಿಕ್ಕದಾಗಿದೆ, ಚೆನ್ನಾಗಿದೆ, ಆದರೆ ಕಾರ್ಡ್ ಸ್ಲಾಟ್ ಒಂದೇ. ಮದುವೆಗೆ ಮೇನ್ ಬಾಡಿ ಆಗಿ ಅದು ಬೇಡ. ಕಾರ್ಡ್ ಕೆಟ್ಟರೆ ಮುಹೂರ್ತ ಮತ್ತೆ ಮಾಡಿಸಲು ಆಗುವುದಿಲ್ಲ.

---

ಮೈಸೂರು ಫ್ರೇಮ್ಸ್

@ಹುಬ್ಬಳ್ಳಿ ಸಿನಿ, ಸ್ಟುಡಿಯೋ ಕೆಲಸದ ಮಾತು ಒಪ್ಪಿದೆ. ಅದು ನಿಜವಾದ ಕಾರಣ. "ಸೋನಿ ಕಲರ್ ಚೆನ್ನಾಗಿದೆ", "ನಿಕಾನ್ ಮುಗೀತು" ಅಂತ ಹೇಳಿ ಬದಲಾಯಿಸುವವರನ್ನು ಕಂಡರೆ ನನಗೆ ಬೇಸರ. ನಿಮ್ಮದು ಹಾಗಲ್ಲ.

ಆದರೂ ಒಂದು ಮಾತು. ಬ್ರಾಂಡ್ ಬದಲಾಯಿಸಿದಾಗ ಕೈ ಕಲಿತದ್ದು ಹೋಗುತ್ತದೆ. ಜೀರಿಗೆ ಬೆಲ್ಲದ ಹೊತ್ತು ನೆನಪಿಸಿಕೊಳ್ಳಿ. ಅಂತರಪಟ ಹಿಡಿದಿರುತ್ತಾರೆ, ಹುಡುಗಿ ಕೈ ಮುಚ್ಚಿ ಕಾಯುತ್ತಿರುತ್ತಾಳೆ, ಪುರೋಹಿತರ ಮಂತ್ರ ಯಾವ ಸಾಲಿನಲ್ಲಿದೆ ಅಂತ ಕಿವಿಗೊಟ್ಟು ನಿಂತಿರುತ್ತೇವೆ. ವಾಲಗದವರು ಗಟ್ಟಿಮೇಳ ಶುರು ಮಾಡಿದ ಕ್ಷಣ ಪಟ ಕೆಳಗೆ ಬರುತ್ತದೆ, ಎರಡೂ ಕೈ ಮೇಲೇಳುತ್ತವೆ, ಜೀರಿಗೆ ಗಾಳಿಯಲ್ಲಿರುತ್ತದೆ, ಸೋದರಮಾವ ಅಡ್ಡ ಬರುತ್ತಾರೆ, ಮುಗಿಯಿತು. ಅಲ್ಲಿ ಐಎಸ್‌ಒ ಬಟನ್ ಎಲ್ಲಿದೆ ಅಂತ ಕಣ್ಣು ತೆಗೆದು ನೋಡಿದರೆ ಆ ಫೋಟೊ ಇಲ್ಲ.

ನಿಕಾನ್ ಲೆನ್ಸ್ ಸಿಕ್ಕಿಸುವಾಗ ತಿರುಗಿಸುವ ದಿಕ್ಕು ಬೇರೆ, ಸೋನಿಯದ್ದು ಅದಕ್ಕೆ ಉಲ್ಟಾ. ಚಿಕ್ಕ ವಿಷಯ ಅನಿಸುತ್ತದೆ. ಕತ್ತಲಲ್ಲಿ, ಗಡಿಬಿಡಿಯಲ್ಲಿ ಲೆನ್ಸ್ ಬದಲಾಯಿಸುವಾಗ ಕೈ ಹಳೇ ದಿಕ್ಕಿಗೇ ಹೋಗುತ್ತದೆ. ಹಾಗಾಗಿ ಬದಲಾಯಿಸುವುದಾದರೆ ಆಷಾಢದಲ್ಲೇ ಕೈಗೆ ಬರಬೇಕು. ಮೊದಲು ಬಾಡಿಗೆಗೆ ತಂದು ಒಂದು ನಾಮಕರಣವೋ ಗೃಹಪ್ರವೇಶವೋ ಮಾಡಿ ನೋಡಿ.

ಕಂಪ್ಯೂಟರ್ ಕಡೆಯೂ ನೋಡಿಕೊಳ್ಳಿ. ಫೋಟೊ ತಿದ್ದಲು ಅಡೋಬಿಯ ಹಳೇ ಲೈಟ್‌ರೂಮ್ 6 ಇದ್ದರೆ ಅದಕ್ಕೆ ಅಪ್‌ಡೇಟ್ ಬಂದಿದ್ದು 2017ರ ಡಿಸೆಂಬರ್‌ವರೆಗೆ ಮಾತ್ರ. ಎ7 ಫೋರ್ ಬಂದದ್ದು 2021ರಲ್ಲಿ. ಎ7 ಫೋರ್‌ನ ರಾ ಫೈಲನ್ನು (ಕ್ಯಾಮೆರಾ ಬರೆಯುವ ಮೂಲ ಫೈಲ್) ಆ ಲೈಟ್‌ರೂಮ್ ತೆರೆಯುವುದೇ ಇಲ್ಲ. ಅಡೋಬಿಯದ್ದೇ ಡಿಎನ್‌ಜಿ ಕನ್ವರ್ಟರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಹಾಕಿ ತೆಗೆದರೆ ಹಳೇ ಲೈಟ್‌ರೂಮ್‌ನಲ್ಲೂ ತೆರೆಯುತ್ತದೆ. ಆದರೆ ನಿಕಾನ್‌ಗೆ ಮಾಡಿಕೊಂಡ ಪ್ರಿಸೆಟ್ ಸೋನಿ ಫೈಲ್ ಮೇಲೆ ಅದೇ ಬಣ್ಣ ಕೊಡುವುದಿಲ್ಲ, ಹೊಸದಾಗಿ ಮಾಡಬೇಕು. 24 ಮೆಗಾಪಿಕ್ಸೆಲ್ ಹೋಗಿ 33 ಆಗುತ್ತದೆ, ಹಾರ್ಡ್ ಡಿಸ್ಕಿಗೂ ಸ್ವಲ್ಪ ದುಡ್ಡು ಎತ್ತಿಡಿ.

---

ಶಿವಮೊಗ್ಗ ಲೆನ್ಸ್ ಮನೆ

ಯಾವ ಬ್ರಾಂಡ್ ಅನ್ನೋದು ನಿಮ್ಮ ಇಷ್ಟ. ನಾನು ಮಾರುವುದರ ಬಗ್ಗೆ ಮಾತ್ರ ಬರೆಯುತ್ತೇನೆ. ಹಳೇ ಲೆನ್ಸ್ ತೆಗೆದುಕೊಂಡು, ಕ್ಲೀನ್ ಮಾಡಿ, ಮಾರುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ.

ಎಲ್ಲವನ್ನೂ ಸೇರಿಸಿ ಒಂದೇ ಕಿಟ್ ಅಂತ ಮಾರಬೇಡಿ. ಕಿಟ್ ಕೊಳ್ಳುವವನಿಗೆ ಅದರಲ್ಲಿ ಎರಡು ಮೂರು ಐಟಂ ಮಾತ್ರ ಬೇಕಿರುತ್ತದೆ, ಬೇಡದ್ದಕ್ಕೆ ಅವನು ದುಡ್ಡು ಕೊಡುವುದಿಲ್ಲ. ಬಿಡಿಬಿಡಿಯಾಗಿ ಹಾಕಿ. ಒಂದನ್ನು ಮಾತ್ರ ಜೋಡಿ ಮಾಡಿ: ಡಿ7200 ಜೊತೆ 50 ಎಫ್ 1.8 ಡಿ. ಡಿ7200 ಬಾಡಿಯೊಳಗೆ ಫೋಕಸ್ ಮೋಟಾರ್ ಇದೆ, ಹಾಗಾಗಿ ಆ ಲೆನ್ಸ್ ಅದರಲ್ಲಿ ಆಟೋಫೋಕಸ್ ಆಗುತ್ತದೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆಗುವುದಿಲ್ಲ. ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆ ಜೋಡಿ ಆ ದುಡ್ಡಿಗೆ ಸಿಗುವುದಿಲ್ಲ. ಬೇರೆ ಬೇರೆ ಮಾಡಿದರೆ 50 ಯಾರಿಗೂ ಬೇಡವಾಗಿ ಮನೆಯಲ್ಲೇ ಉಳಿಯುತ್ತದೆ.

85 ಹಾಕಿದ ವಾರದಲ್ಲೇ ಹೋಗುತ್ತದೆ. 70-200 ಕೂಡ ಹೋಗುತ್ತದೆ, ಊರೂರಿನ ಸ್ಟುಡಿಯೋದವರು ಇನ್ನೂ ಡಿಎಸ್‌ಎಲ್‌ಆರ್ ಹಿಡಿದಿದ್ದಾರೆ, ಅವರಿಗೆ ಹೊಸ ದುಬಾರಿ ಲೆನ್ಸ್ ಬೇಡ. 24-70 ಮಾತ್ರ ನೋಡಿಕೊಳ್ಳಬೇಕು. ಆ ಜಿ ಮಾಡೆಲ್ ಪೆಟ್ಟು ತಿಂದರೆ ಜೂಮ್ ರಿಂಗ್ ಬಿಗಿಯಾಗುತ್ತದೆ, ಅದು ಗೊತ್ತಿದ್ದವರು ಬಂದ ತಕ್ಷಣ ರಿಂಗ್ ತಿರುಗಿಸಿಯೇ ನೋಡುತ್ತಾರೆ. ನಿಮ್ಮದು ಸಲೀಸಾಗಿದ್ದರೆ ಒಂದು ಚಿಕ್ಕ ವಿಡಿಯೋ ಮಾಡಿ ಜಾಹೀರಾತಿನ ಜೊತೆ ಹಾಕಿ. ಮಾತಿಗಿಂತ ಅದು ಕೆಲಸ ಮಾಡುತ್ತದೆ.

ಮಾರುವ ಮುಂಚೆ ಫಂಗಸ್ ನೀವೇ ನೋಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬ್ಯಾಗಿನೊಳಗೆ ಇಟ್ಟ ಲೆನ್ಸ್ ಉಳಿದರೆ ಅದೃಷ್ಟ, ದಾವಣಗೆರೆಯಲ್ಲಿ ಅಷ್ಟಿಲ್ಲ, ಆದರೂ ನೋಡಿ. ಜಿ ಲೆನ್ಸ್ ಬಾಡಿಯಿಂದ ತೆಗೆದಾಗ ಒಳಗಿನ ಅಪರ್ಚರ್ ಎಲೆಗಳು ಮುಚ್ಚಿಕೊಂಡಿರುತ್ತವೆ, ಹಾಗೇ ನೋಡಿದರೆ ಏನೂ ಕಾಣುವುದಿಲ್ಲ. ಹಿಂಬದಿ ಲೋಹದ ರಿಂಗಿನ ಅಂಚಿನಲ್ಲಿ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದರೆ ಎಲೆಗಳು ಪೂರ್ತಿ ತೆರೆಯುತ್ತವೆ. ಕತ್ತಲ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಧೂಳಿನ ಕಣ ಚುಕ್ಕಿಯ ಹಾಗೆ ಕಾಣುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಳೆಎಳೆಯಾಗಿ ಕವಲೊಡೆದು ಹರಡಿದ್ದರೆ ಅದು ಫಂಗಸ್. ಇದ್ದರೆ ಮೊದಲೇ ಹೇಳಿ ಬೆಲೆ ಇಳಿಸಿ. ಮುಚ್ಚಿಟ್ಟು ಮಾರಿದರೆ ಅವನು ಮನೆಗೆ ಹೋಗಿ ನೋಡಿ ಮತ್ತೆ ಬರುತ್ತಾನೆ.

ಬಾಡಿ ಅಂದರೆ ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಫೋಟೊ ತೆಗೆದಿದೆ ಅಂತ, ಎಲ್ಲರೂ ಕೇಳುತ್ತಾರೆ. ಡಿ750, ಡಿ7200 ಎರಡಕ್ಕೂ ನಿಕಾನ್ ಪರೀಕ್ಷಿಸಿ ಹೇಳಿದ್ದು 1,50,000. ಆ ಸಂಖ್ಯೆ ದಾಟಿದ ಮರುದಿನ ಕೆಡುತ್ತದೆ ಅಂತಲ್ಲ, ಆದರೆ ಬೆಲೆ ಮಾತಾಡುವಾಗ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಈಗ ತೆಗೆದ ಒಂದು ಜೆಪೆಗ್ ಫೈಲನ್ನು ಹಾಗೇ ಕಳಿಸಿದರೆ ಅದರ ಎಕ್ಸಿಫ್‌ನಲ್ಲಿ (ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಕೌಂಟ್ ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಎಕ್ಸಿಫ್ ಅಳಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ನಿಕಾನ್ ಗ್ರಿಪ್ಪಿನ ರಬ್ಬರ್ ಉಬ್ಬಿ ಕಿತ್ತು ಬರುವುದು ಎಲ್ಲರಿಗೂ ಗೊತ್ತಿರೋದೇ. ಹೊಸ ರಬ್ಬರ್ ಹಾಕಿಸಲು ಜಾಸ್ತಿ ಖರ್ಚಿಲ್ಲ. ಹಾಕಿಸಿ ಮಾರಿ. ಜೋತು ಬಿದ್ದ ರಬ್ಬರ್ ನೋಡಿದರೆ ಕೊಳ್ಳುವವನು ಒಳಗೂ ಹೀಗೇ ಇರಬೇಕು ಅಂದುಕೊಳ್ಳುತ್ತಾನೆ.

ಅಂಗಡಿಗಾ, ನೇರವಾಗಾ ಅಂತ ಕೇಳಿದ್ದೀರಿ. ನಾನು ಅಂಗಡಿಯವನು, ಆದರೂ ನಿಜ ಹೇಳುತ್ತೇನೆ. ಅಂಗಡಿಯಲ್ಲಿ ಕಡಿಮೆಯೇ ಸಿಗುತ್ತದೆ. ನಾವು ಅದನ್ನು ಬಿಚ್ಚಿ ನೋಡಬೇಕು, ಮಾರುವವರೆಗೆ ದುಡ್ಡು ಕಟ್ಟಿ ಕೂರಬೇಕು, ಮಾರಿದ ಮೇಲೂ ಸ್ವಲ್ಪ ದಿನ ಗ್ಯಾರಂಟಿ ಕೊಡಬೇಕು. ಲೆನ್ಸ್ ಆದರೆ ಕೊಳ್ಳುವವನು ಹತ್ತು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು, ಹಾಗಾಗಿ ನೇರವಾಗಿ ಮಾರಿ. ಬಾಡಿ ಇನ್ನೆಷ್ಟು ದಿನ ಬರುತ್ತದೆ ಅಂತ ಯಾರೂ ಹೇಳಲಾರರು. ಅದಕ್ಕೇ ಚೌಕಾಸಿ ಜಾಸ್ತಿ, ಆಮೇಲೆ ಫೋನ್ ಕಾಟವೂ ಜಾಸ್ತಿ. ಬಾಡಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಎಕ್ಸ್‌ಚೇಂಜ್ ಕೇಳಿ ನೋಡಿ.

ಯಾವಾಗ ಅಂದರೆ, ಆಷಾಢ ಶುರುವಾದ ತಕ್ಷಣ ಹಾಕಬೇಡಿ. ಆಗ ಎಲ್ಲರೂ ಮಾರಲು ಹಾಕುತ್ತಾರೆ, ಕೊಳ್ಳುವವರ ಕೈಯಲ್ಲಿ ದುಡ್ಡಿರುವುದಿಲ್ಲ. ಕೊನೇ ವಾರದಲ್ಲಿ ಹಾಕಿ. ಶ್ರಾವಣದ ಮುಹೂರ್ತಕ್ಕೆ ಆರ್ಡರ್ ಹಿಡಿದವರು ಆಗ ಹುಡುಕಲು ಶುರು ಮಾಡುತ್ತಾರೆ. ದೀಪಾವಳಿವರೆಗೂ ಎಳೆಯಬೇಡಿ, ಹಬ್ಬದ ಆಫರ್ ಬಂದು ಹೊಸದರ ಬೆಲೆ ಇಳಿದರೆ ಹಳೆಯದೂ ಅದರ ಹಿಂದೆಯೇ ಇಳಿಯುತ್ತದೆ.

---

ಕೋಟೆ ಹುಡುಗ

ನಾನು ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಅಣ್ಣ, ಡಿ7200 ಮತ್ತು 50 ಜೋಡಿ ಕೊಡುವುದಾದರೆ ದಯವಿಟ್ಟು ನನಗೆ ಮೊದಲು ಹೇಳಿ. ನಮ್ಮ ಕೋಟೆಯಲ್ಲಿ ಫೋಟೊ ತೆಗೆಯಲು ಮೊಬೈಲ್ ಬಿಟ್ಟು ಬೇರೆ ಏನೂ ಇಲ್ಲ ನನ್ನ ಹತ್ತಿರ. ದಾವಣಗೆರೆಗೆ ನಾನೇ ಬಂದು ನೋಡಿ ತಗೊಂಡು ಹೋಗುತ್ತೇನೆ.

ಇನ್ನೊಂದು ವಿಷಯ. ನಮ್ಮ ಮಾವ ಹೋದ ವರ್ಷ ಟ್ರೈಪಾಡ್ ಮಾರಲು ಆನ್‌ಲೈನ್‌ನಲ್ಲಿ ಹಾಕಿದ್ದರು. ಮಿಲಿಟರಿಯಲ್ಲಿದ್ದೇನೆ, ಬರಲು ಆಗಲ್ಲ, ದುಡ್ಡು ಕಳಿಸುತ್ತೇನೆ ಅಂತ ಒಬ್ಬ ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಅಂದ. ದುಡ್ಡು ಹೋಯಿತು. ಹುಷಾರಾಗಿರಿ.

---

ಶಿವಮೊಗ್ಗ ಲೆನ್ಸ್ ಮನೆ

ಕೋಟೆ ಹುಡುಗ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ನಿಮ್ಮ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಪೇಮೆಂಟ್ ಆದ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆ ತೆರೆದು ದುಡ್ಡು ಬಂದಿದೆಯಾ ನೋಡಿ ಆಮೇಲೆ ಬ್ಯಾಗ್ ಕೊಡಿ. ಮೋಸ ಆದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಆ ದುಡ್ಡನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಹಾಗೇ ಇನ್ನೆರಡು. ಮಾರಿದಾಗ ಒಂದು ಬಿಳಿ ಹಾಳೆಯಲ್ಲಿ ಬಾಡಿ, ಲೆನ್ಸಿನ ಸೀರಿಯಲ್ ನಂಬರ್, ತಾರೀಖು, ಮೊತ್ತ ಬರೆದು ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ನಾಳೆ ಆ ಕ್ಯಾಮೆರಾ ಎಲ್ಲಿ ಹೋಗುತ್ತದೋ ಯಾರಿಗೆ ಗೊತ್ತು. ಮತ್ತೆ ಮೆಮೊರಿ ಕಾರ್ಡ್ ಯಾವ ಕಾರಣಕ್ಕೂ ಜೊತೆಗೆ ಕೊಡಬೇಡಿ. ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಫೋಟೊ ವಾಪಸ್ ತೆಗೆಯಬಹುದು. ಅದರಲ್ಲಿ ಬೇರೆಯವರ ಮನೆ ಹೆಣ್ಣುಮಕ್ಕಳ ಮದುವೆ ಫೋಟೊ ಇವೆ, ನಮ್ಮನ್ನು ನಂಬಿ ತೆಗೆಸಿಕೊಂಡವು. ಬಾಡಿಯ ಸೆಟಪ್ ಮೆನುವಿನಲ್ಲಿ ಕಾಪಿರೈಟ್ ಅಂತ ನಿಮ್ಮ ಹೆಸರು ಹಾಕಿದ್ದರೆ ಅದನ್ನೂ ಅಳಿಸಿ.

ಜಿಎಸ್‌ಟಿ ನೋಂದಣಿ ಇದ್ದು, ಕೊಳ್ಳುವಾಗ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಮಾರುವಾಗಲೂ ತೆರಿಗೆ ಕಟ್ಟಬೇಕಾಗುತ್ತದೆ. ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

---

ದಾವಣಗೆರೆ ಕ್ಲಿಕ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರು ಮೇಡಂ ಹೇಳಿದ ಹಾಗೆ ಹಾಳೆ ತಗೊಂಡು ಬರೆದೆ. ಬರೀ ನನ್ನ ಸ್ವಂತ ಗಿರಾಕಿಗಳನ್ನು ನೋಡಿದರೆ ಝಡ್6 ತ್ರೀ ಮತ್ತು ಎಫ್‌ಟಿಝಡ್‌ಗಿಂತ ಸರಿಯಾದದ್ದು ಇಲ್ಲ, ಒಂದು ಲೆನ್ಸೂ ಕೊಳ್ಳಬೇಕಿಲ್ಲ. ಆದರೆ ಸ್ಟುಡಿಯೋ ಕೆಲಸ ನನ್ನ ಆದಾಯದ ಅರ್ಧ, ಅದು ಬಿಟ್ಟರೆ ಮನೆ ನಡೆಯುವುದಿಲ್ಲ. ಹಾಗಾಗಿ ಸೋನಿ ಕಡೆಗೇ ಹೋಗುತ್ತಿದ್ದೇನೆ, ಒಂದೇ ಸಲಕ್ಕಲ್ಲ.

ಈಗ 24-70 ಮಾರುತ್ತೇನೆ, ಡಿ7200 ಮತ್ತು 50 ಜೋಡಿ ಕೋಟೆ ಹುಡುಗನಿಗೆ. ಕೈಲಿರುವ ದುಡ್ಡಿಗೆ ಇವನ್ನು ಸೇರಿಸಿ ಎ7 ಫೋರ್ ಬಾಡಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಜೊತೆಗೆ ಟ್ಯಾಮ್ರಾನ್ 28-75. ಡಿ750, 70-200, 85 ಬರುವ ಸೀಸನ್‌ಗೂ ಇರಲಿ, ಡಿ750 ಎರಡನೇ ಬಾಡಿ. ಸ್ಟುಡಿಯೋದವರು ಕರೆದು ದುಡ್ಡು ಬರುವುದು ನೋಡಿಕೊಂಡು ಮುಂದಿನ ಆಷಾಢದೊಳಗೆ ಅವನ್ನೂ ಮಾರುವುದು. 70-200 ಬೆಲೆ ಅಷ್ಟರಲ್ಲಿ ಸ್ವಲ್ಪ ಇಳಿಯಬಹುದು, ಪರವಾಗಿಲ್ಲ.

ಒಂದು ಅನುಮಾನ. ಗೊಡಾಕ್ಸ್ ಫ್ಲಾಶ್ ಎರಡೂ ನಿಕಾನ್ ಮಾಡೆಲ್. ಅವನ್ನೂ ಬದಲಾಯಿಸಬೇಕಾ?

@ಕೋಟೆ ಹುಡುಗ, ಆಷಾಢದಲ್ಲಿ ಯಾವ ಭಾನುವಾರ ಬಂದರೂ ಸಿಗುತ್ತೇನೆ. ಶಟರ್ ಕೌಂಟ್ ಫೈಲ್ ಇವತ್ತೇ ಕಳಿಸುತ್ತೇನೆ. ನಿಮ್ಮ ಕಾರ್ಡ್ ನೀವೇ ತನ್ನಿ, ಬೇಕಾದಷ್ಟು ಫೋಟೊ ತೆಗೆದು ನೋಡಿ.

---

ಮೈಸೂರು ಫ್ರೇಮ್ಸ್

ನಿಮ್ಮ ಕಾರಣ ಸರಿಯಾಗಿದೆ, ಒಳ್ಳೆಯದಾಗಲಿ. ಒಂದು ಸೀಸನ್ ಎರಡು ಬ್ರಾಂಡ್ ಹಿಡಿಯುವುದಾದರೆ ಹೀಗೆ ಮಾಡಿ. ಡಿ750ಗೆ 70-200 ಹಾಕಿದರೆ ಮದುವೆ ಮುಗಿಯುವವರೆಗೂ ತೆಗೆಯಬೇಡಿ. ಎ7 ಫೋರ್‌ನಲ್ಲಿ 28-75. ಎರಡರಲ್ಲೂ ಲೆನ್ಸ್ ಬದಲಾಯಿಸುವ ಪ್ರಸಂಗವೇ ಬರದಿದ್ದರೆ ಕೈ ಗೊಂದಲ ಆಗುವುದಿಲ್ಲ. ಧಾರೆಗೆ ಒಂದೇ ಬಾಡಿ ಹಿಡಿಯಿರಿ, ನಿಮಗೆ ಯಾವುದು ಹೆಚ್ಚು ಕೈಗೆ ಬಂದಿದೆಯೋ ಅದನ್ನು.

ಸೋನಿಯಲ್ಲಿ ಲೆನ್ಸ್ ತೆಗೆಯಲೇಬೇಕಾದರೆ, ಪವರ್ ಆಫ್ ಮಾಡಿದಾಗ ಶಟರ್ ಮುಚ್ಚುವ ಆಯ್ಕೆ ಎ7 ಫೋರ್ ಮೆನುವಿನಲ್ಲಿದೆ, ಅದನ್ನು ಆನ್ ಮಾಡಿಡಿ. ಮಂಟಪದ ಹತ್ತಿರ ಅಕ್ಷತೆ, ಕುಂಕುಮದ ಪುಡಿ ಗಾಳಿಯಲ್ಲೇ ಇರುತ್ತದೆ. ಕನ್ನಡಿ ಇಲ್ಲದ ಬಾಡಿಯಲ್ಲಿ ಸೆನ್ಸರ್ ನೇರ ಎದುರಿಗೇ ಸಿಗುತ್ತದೆ.

ಎಲ್‌ಇಡಿ ಲೈಟಿನ ಸ್ಟೇಜಿನಲ್ಲಿ ಸೈಲೆಂಟ್ ಮೋಡ್ ಬೇಡ. ಅಡ್ಡ ಪಟ್ಟೆ ಬರುತ್ತದೆ. ಸದ್ದಾದರೂ ಮೆಕ್ಯಾನಿಕಲ್ ಶಟರ್ ಇರಲಿ, ವಾಲಗದ ಮುಂದೆ ಅದು ಯಾರಿಗೆ ಕೇಳುತ್ತದೆ.

---

ಹುಬ್ಬಳ್ಳಿ ಸಿನಿ

ಫ್ಲಾಶ್ ಮಾರಬೇಡಿ ಅಣ್ಣ. ಗೊಡಾಕ್ಸ್ 2.4 ಗಿಗಾಹರ್ಟ್ಸ್ ಎಕ್ಸ್ ಸಿಸ್ಟಂನಲ್ಲಿ ಕ್ಯಾಮೆರಾ ಜೊತೆ ಮಾತಾಡುವುದು ಟ್ರಿಗರ್ ಮಾತ್ರ. ಸೋನಿ ಮಾಡೆಲ್ ಟ್ರಿಗರ್ ಒಂದು ತಗೊಳ್ಳಿ, ನಿಮ್ಮ ನಿಕಾನ್ ಮಾಡೆಲ್ ಫ್ಲಾಶ್‌ಗಳನ್ನು ಸ್ಟ್ಯಾಂಡಿನ ಮೇಲೆ ರಿಸೀವರ್ ಆಗಿ ಇಡಿ, ಟಿಟಿಎಲ್ (ಫ್ಲಾಶ್ ಬೆಳಕು ತಾನಾಗಿ ಹೊಂದಿಕೊಳ್ಳುವುದು) ಸಮೇತ ಕೆಲಸ ಮಾಡುತ್ತವೆ. ಸೋನಿ ಬಾಡಿಯ ತಲೆ ಮೇಲೆ ನೇರವಾಗಿ ಕೂರಿಸಲು ಮಾತ್ರ ಆಗುವುದಿಲ್ಲ, ಅಡಿಯ ಪಿನ್ ಬೇರೆ.

ಫಿಲ್ಟರ್ ಕೂಡ ಇಟ್ಟುಕೊಳ್ಳಿ. ನಿಮ್ಮ 24-70, 70-200 ಎರಡೂ 77 ಮಿಲಿಮೀಟರ್, ಟ್ಯಾಮ್ರಾನ್ 28-75 ಬರೀ 67. ಅಳತೆ ಹೊಂದಿಸುವ ಒಂದು ಸ್ಟೆಪ್ ಅಪ್ ರಿಂಗ್ ತಂದರೆ ಬೆಳಕು ತಗ್ಗಿಸುವ ಅದೇ ಎನ್‌ಡಿ ಫಿಲ್ಟರ್ ವಿಡಿಯೋಗೆ ನಡೆಯುತ್ತದೆ.

ಎರಡು ಬಾಡಿ ಹಿಡಿದಾಗ ಬೆಳಿಗ್ಗೆ ಮಂಟಪಕ್ಕೆ ಹೋದ ಕೂಡಲೇ ಮೊಬೈಲ್ ನೋಡಿ ಎರಡರ ಗಡಿಯಾರವನ್ನೂ ಸೆಕೆಂಡ್ ಸಮೇತ ಒಂದೇ ಮಾಡಿ. ಎಡಿಟರ್ ಫೋಟೊ ಜೋಡಿಸುವುದು ಟೈಮ್ ನೋಡಿಕೊಂಡೇ. ಒಂದು ಮೂರು ನಿಮಿಷ ಹಿಂದೆ ಇದ್ದರೆ ತಾಳಿ ಕಟ್ಟಿದ ಫೋಟೊ ಆದ ಮೇಲೆ ಜೀರಿಗೆ ಬೆಲ್ಲ ಬರುತ್ತದೆ. ಸೋನಿ, ನಿಕಾನ್ ಎರಡರ ಫೈಲ್ ಹೆಸರೂ ಡಿಎಸ್‌ಸಿ ಅಂತಲೇ ಶುರುವಾಗುತ್ತದೆ, ಒಂದರಲ್ಲಿ ಮೆನುವಿಗೆ ಹೋಗಿ ಆ ಮೂರು ಅಕ್ಷರ ಬದಲಾಯಿಸಿ. ಎ7 ಫೋರ್ ಬಂದ ಮೇಲೆ ನನಗೊಂದು ಮೆಸೇಜ್ ಹಾಕಿ, ನಾವು ಬಳಸುವ ಪಿಕ್ಚರ್ ಪ್ರೊಫೈಲ್ ಸೆಟ್ಟಿಂಗ್ ಕಳಿಸುತ್ತೇನೆ. ಶ್ರಾವಣದಲ್ಲಿ ಗದಗದ ಕಡೆ ಎರಡು ಮದುವೆ ಇವೆ, ಒಬ್ಬರು ಬೇಕಾಗಿದ್ದಾರೆ.